ಸರಮೆ ಕೇಳಿದ ಮಾತು

ಸ್ವಾಮಿ ಕಾಲಭೈರವ,

ಇವತ್ತು ಕಾರ್ತಿಕ ಬಹುಳ ಅಷ್ಟಮಿ, ನಿನ್ನ ದಿನ. ಈ ದಿನ ಆದಿಚುಂಚನಗಿರಿಯ ಮೆಟ್ಟಿಲು ಹತ್ತಿ ನಿನ್ನ ಮುಂದೆ ನಿಲ್ಲುವುದು ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ನಡೆದು ಬಂದ ಕ್ರಮ. ಈ ಸಲ ತಪ್ಪಿತು. ನಾಳೆ ಬೆಳಿಗ್ಗೆ ಇಲ್ಲಿ ಮೈಸೂರಿನಲ್ಲಿ ನಾನು ಇರಲೇಬೇಕಾದ ಕೆಲಸವೊಂದಿದೆ. ಮನೆಯವರೆಲ್ಲ ಮಲಗಿದ ಮೇಲೆ ದೇವರಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕಿ ನಿನ್ನ ಪಟದ ಮುಂದೆ ಕೂತಿದ್ದೇನೆ. ಬೆಟ್ಟದಲ್ಲಾದರೆ ಜನ ಇರುತ್ತಾರೆ, ಮಂಗಳಾರತಿ ಇರುತ್ತದೆ, ಕೈಮುಗಿದು ಮುಂದೆ ಸರಿಯಬೇಕು. ಇಲ್ಲಿ ನೀನು, ನಾನು, ಹೊಸಿಲಾಚೆ ಮಲಗಿರುವ ಅವನು ಮೂವರೇ.

ಪಟದಲ್ಲಿ ನಿನ್ನ ಕಾಲ ಬಳಿ ನಿಂತ ನಾಯಿ ನಿನ್ನ ಮುಖವನ್ನೇ ನೋಡುತ್ತಿದೆ ಎಂದು ಚಿಕ್ಕಂದಿನಿಂದ ತಿಳಿದಿದ್ದೆ. ಈಗ ದೀಪ ಹತ್ತಿರ ಹಿಡಿದು ನೋಡಿದೆ. ಅದು ನಿನ್ನ ಕೈಯಲ್ಲಿ ತೂಗುವ ತಲೆಯ ಕಡೆಗೆ ಮೂತಿ ಎತ್ತಿದೆ. ಅಲ್ಲಿಂದ ತೊಟ್ಟಿಕ್ಕುವ ರಕ್ತಕ್ಕೆ ಬಾಯಿ ಚಾಚಿದೆ. ಬರೆದವನು ನಾಯಿಯ ಹಲ್ಲನ್ನು ಬಚ್ಚಿಡಲಿಲ್ಲ. ನಾನು ಬಚ್ಚಿಟ್ಟಿದ್ದೆ. ಅದನ್ನೇ ನಿನಗೆ ಹೇಳಲು ಕೂತಿದ್ದು.

ನಮ್ಮ ನಾಯಿಗೆ ನಿನ್ನ ಹೆಸರಿಟ್ಟಿದ್ದೇವೆ, ಭೈರ. ಐದು ವರ್ಷದ ಹಿಂದೆ ಮಳೆಗಾಲದಲ್ಲಿ ಚರಂಡಿ ಪಕ್ಕ ಸಿಕ್ಕ ಬೀದಿನಾಯಿಯ ಮರಿ. ಕೈಯೊಳಗೆ ಹಿಡಿಯುವಷ್ಟಿತ್ತು, ಕಿವಿಯ ತುಂಬ ಉಣ್ಣೆ. ಈಗ 26 ಕಿಲೋ ತೂಗುತ್ತಾನೆ. ನಮ್ಮ ಮನೆಯಲ್ಲಿ ಅವನಷ್ಟು ಮೆತ್ತಗಿನ ಜೀವ ಇಲ್ಲ. ಅತ್ತೆಯವರು ಹಾಸಿಗೆ ಹಿಡಿದ ಕೊನೆಯ ಎರಡು ತಿಂಗಳು ಮಂಚದ ಕೆಳಗೆ ಮಲಗಿದ್ದವನು ಊಟಕ್ಕೆ ಬಿಟ್ಟರೆ ಎದ್ದಿರಲಿಲ್ಲ. ಇದನ್ನೆಲ್ಲ ಅವನ ಪರವಾಗಿ ವಕಾಲತ್ತು ಹಾಕಲು ಹೇಳುತ್ತಿಲ್ಲ, ಸ್ವಾಮಿ. ಅವನು ಅದೂ ಹೌದು, ಆ ದಿನ ಬೆಳಿಗ್ಗೆ ಕಂಡದ್ದೂ ಹೌದು. ಎರಡನ್ನೂ ಒಂದೇ ನಾಯಿಯಲ್ಲಿ ನೋಡುವುದು ನನಗೆ ಇನ್ನೂ ಕಷ್ಟವಾಗುತ್ತಿದೆ.

ಬಲಿಪಾಡ್ಯಮಿಯ ಮಾರನೆಯ ದಿನ, ಬಿದಿಗೆ. ಬೆಳಿಗ್ಗೆ ಆರೂಮುಕ್ಕಾಲು. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಕಸ ಗುಡಿಸುವವರು ಇನ್ನೂ ಬಂದಿರಲಿಲ್ಲ, ಪಟಾಕಿಯ ಕೆಂಪು ಕಾಗದ ಮಂಜಿಗೆ ನೆನೆದು ಟಾರಿಗೆ ಅಂಟಿತ್ತು. ಟೀಚರ್ ಮನೆಯ ಗೇಟು ಹಾಲಿಗೆಂದು ತೆರೆದಿತ್ತು. ಅವರು ನಿವೃತ್ತ ಶಿಕ್ಷಕಿ, ರಸ್ತೆಗೆಲ್ಲ ಟೀಚರ್ ಅಂತಲೇ ಪರಿಚಯ. ಅವರ ಯಜಮಾನರಾದ ಮೇಷ್ಟ್ರು ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ಜೊತೆಗೆ ಆರು ಕಿಲೋದ ಬಿಳಿ ನಾಯಿ ಚಿನ್ನಿ. ಚಿನ್ನಿ ಗೇಟಿನಿಂದ ಹೊರಗೆ ಬಂದಳು. ಬಾಲ ಆಡಿಸುತ್ತಲೇ ಬಂದಳು. ಎರಡು ವರ್ಷದಿಂದ ಗೇಟಿನ ಸರಳಿನ ನಡುವೆ ಮೂಗಿಗೆ ಮೂಗು ತಾಗಿಸಿ ಮಾತಾಡಿಸುತ್ತಿದ್ದ ನಾಯಿಗಳು ಇವು. ಭೈರ ತಲೆ ಬಗ್ಗಿಸಿ ಏನೋ ಮೂಸುತ್ತಿದ್ದ. ನಾನು ಟೀಚರಿಗೆ ನಮಸ್ಕಾರ ಹೇಳಲೆಂದು ಮುಖ ಎತ್ತಿದ್ದೆ.

ಅವನು ಗುರ್ ಎನ್ನಲಿಲ್ಲ. ಬೊಗಳಲಿಲ್ಲ. ಭುಜದ ಹಿಂದೆ ಬೆನ್ನಿಗೆ ಬಾಯಿ ಹಾಕಿದವನು ಎತ್ತಿ ಎರಡು ಸಲ ಒದರಿದ, ಒದ್ದೆ ಬಟ್ಟೆ ಒದರುವ ಹಾಗೆ. ಚಿನ್ನಿ ಕೂಗಿದ ಕೂಗು ನಾಯಿಯದೆಂದು ನನಗೆ ಅನ್ನಿಸಲಿಲ್ಲ. ನಾನು ಹಗ್ಗವನ್ನು ಬಲವಾಗಿ ಹಿಂದಕ್ಕೆ ಎಳೆದೆ. ಹಲ್ಲು ಕೂತಿರುವಾಗ ಎಳೆದರೆ ಗಾಯ ಸೀಳುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಅಂದರೆ ಆ ಗಾಯದಲ್ಲಿ ಸ್ವಲ್ಪ ನಾನು ಮಾಡಿದ್ದು. ಅವನ ಬಾಯೊಳಗೆ ಬೆರಳು ತೂರಿಸಿದೆ, ನನ್ನನ್ನೂ ಕಚ್ಚಿದ. ಹೂವಿನ ಸೈಕಲ್ಲಿನವನು ಸೈಕಲ್ಲು ಬಿಸಾಡಿ ಓಡಿಬಂದು ಭೈರನ ಹಿಂಗಾಲು ಎರಡನ್ನೂ ಹಿಡಿದು ನೆಲದಿಂದ ಮೇಲೆತ್ತಿದ, ಕೈಗಾಡಿ ಎತ್ತುವ ಹಾಗೆ. ಆಗ ಬಾಯಿ ಬಿಟ್ಟ. ಇಡೀ ರಾದ್ಧಾಂತ ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಸೇವಂತಿಗೆ ರಸ್ತೆ ತುಂಬ ಚೆಲ್ಲಿತ್ತು.

ಟೀಚರ್ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದರು. ಅವರು ಬಯ್ಯಲಿಲ್ಲ. ನನ್ನ ಮುಖ ನೋಡಿ ಕೇಳಿದರು, "ನಮ್ಮ ಚಿನ್ನಿ ಏನು ಮಾಡಿತ್ತಮ್ಮಾ?"

ನಾನು ಅದಕ್ಕೆ ಉತ್ತರ ಕೊಡಲಿಲ್ಲ. "ಇವನು ಯಾವತ್ತೂ ಹೀಗೆ ಮಾಡಿದವನಲ್ಲ ಟೀಚರ್" ಅಂದೆ.

ಸ್ವಾಮಿ, ಆ ಮಾತನ್ನು ನಿನ್ನ ಮುಂದೆ ವಾಪಸ್ಸು ಇಡುತ್ತಿದ್ದೇನೆ. ಕೇಳಿದ್ದು ಚಿನ್ನಿಯ ಮಾತು, ಹೇಳಿದ್ದು ಭೈರನ ಮಾತು. ಅವರ ನಾಯಿ ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದಿರುವಾಗ ನಾನು ನನ್ನ ನಾಯಿಯ ನಡತೆಗೆ ಪತ್ರ ಬರೆದುಕೊಡುತ್ತಿದ್ದೆ.

ಟೀಚರ್ ಕೇಳಿದ್ದನ್ನೇ ಹಿಂದೆ ಒಂದು ಕಥೆಯಲ್ಲಿ ಓದಿದ್ದೆ. ಮಹಾಭಾರತದಲ್ಲಿ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ಹೋದ ನಾಯಿಯ ಕಥೆ ಎಲ್ಲರಿಗೂ ಗೊತ್ತು. ಅದೇ ಗ್ರಂಥದ ಆರಂಭದಲ್ಲಿ ಇನ್ನೊಂದು ನಾಯಿ ಇದೆ, ಆದಿಪರ್ವದ ಪೌಷ್ಯದಲ್ಲಿ. ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರಯಾಗಕ್ಕೆ ಕೂತಿರುತ್ತಾನೆ. ದೇವಲೋಕದ ನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಶ್ರುತಸೇನ, ಉಗ್ರಸೇನ, ಭೀಮಸೇನ ಮೂವರೂ ಸೇರಿ ಅದಕ್ಕೆ ಬಡಿಯುತ್ತಾರೆ. ಮರಿ ಅಳುತ್ತ ತಾಯಿಯ ಹತ್ತಿರ ಹೋಗಿ, ತಾನು ಹವಿಸ್ಸಿನ ಕಡೆ ನೋಡಲೂ ಇಲ್ಲ, ಅದನ್ನು ನೆಕ್ಕಲೂ ಇಲ್ಲ ಎಂದು ಹೇಳುತ್ತದೆ. ಸರಮೆ ಯಾಗಶಾಲೆಗೇ ಬಂದು ನಿಂತು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಷ್ಟು ಜನ ಬಲ್ಲವರು ಕೂತ ಜಾಗದಲ್ಲಿ ಯಾರ ಬಾಯಿಂದಲೂ ಒಂದು ಮಾತು ಹೊರಡುವುದಿಲ್ಲ. ಆಗ ಅವಳು ಶಾಪ ಕೊಡುತ್ತಾಳೆ: ನಿಮಗೆ ಕಾಣದ ಕಡೆಯಿಂದ ಭಯ ಬರುತ್ತದೆ.

ಕಾಲೇಜಿನಲ್ಲಿ ಈ ಕಥೆ ಓದಿದಾಗ ಶಾಪ ದೊಡ್ಡದು ಎನಿಸಿತ್ತು. ಈಗ ಗೊತ್ತಾಗುತ್ತಿದೆ, ಅವಳು ಶಪಿಸಬೇಕಾಗಿಯೇ ಇರಲಿಲ್ಲ, ಅದು ತಾನಾಗಿಯೇ ಬರುತ್ತದೆ. ಬಿದಿಗೆಯಿಂದ ಈಚೆಗೆ ನನಗೆ ಬೀದಿಯ ಪ್ರತಿ ಮೂಲೆಯಲ್ಲೂ ಭಯ ಕೂತಿದೆ. ದೂರದಲ್ಲಿ ಬಿಳಿ ಬಟ್ಟೆ ಅಲುಗಿದರೆ ಎದೆ ಹೊಡೆದುಕೊಳ್ಳುತ್ತದೆ. ಕುಕ್ಕರಿನ ಸೀಟಿ ಶುರುವಾಗುವ ಮುಂಚಿನ ಸಣ್ಣ ಕೀರಲು ದನಿಯಲ್ಲಿ ಚಿನ್ನಿಯ ಕೂಗು ಕೇಳುತ್ತದೆ. ರಾತ್ರಿ ಮಲಗಿದರೆ ಆ ಅರ್ಧ ನಿಮಿಷ ಮೊದಲಿನಿಂದ ಶುರುವಾಗುತ್ತದೆ, ಪ್ರತಿ ಸಲವೂ ನಾನು ನಮಸ್ಕಾರಕ್ಕೆಂದು ಮುಖ ಎತ್ತುವ ಜಾಗಕ್ಕೆ ಬಂದು ನಿಲ್ಲುತ್ತದೆ. ಎತ್ತದಿದ್ದರೆ? ಒಂದು ಗಳಿಗೆ ತಡವಾಗಿ ಹೊರಟಿದ್ದರೆ? ಈ ಲೆಕ್ಕ ಎಷ್ಟು ಸಲ ಮಾಡಿದರೂ ಮುಗಿಯುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಚುಚ್ಚಿದ್ದು ಕಥೆಯ ಮುಂದಿನ ಭಾಗ. ಯಾಗ ಮುಗಿಸಿ ಹಸ್ತಿನಾವತಿಗೆ ಬಂದ ಜನಮೇಜಯ ಏನು ಮಾಡುತ್ತಾನೆ? ತನ್ನ ಪಾಪಕ್ಕೆ ಶಾಂತಿ ಮಾಡಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ. ಸೋಮಶ್ರವನೆಂಬವನು ಸಿಗುತ್ತಾನೆ, ಅವನನ್ನು ಕರೆತರುತ್ತಾನೆ. ಕಥೆ ಅಲ್ಲಿಂದ ಬೇರೆ ಕಡೆ ಹೊರಳುತ್ತದೆ. ಆ ಮರಿಯ ಪೆಟ್ಟು ವಾಸಿಯಾಯಿತೇ ಎಂದು ಯಾರೂ ಹೋಗಿ ನೋಡಿದ ಸುದ್ದಿ ಇಲ್ಲ. ರಾಜನಿಗೆ ತನ್ನ ಭಯ ಹೋಗಬೇಕಿತ್ತು, ಅಷ್ಟೇ.

ಮೊದಲ ಮೂರು ದಿನ ನಾನೂ ಜನಮೇಜಯನೇ ಆಗಿದ್ದೆ. ಆಸ್ಪತ್ರೆಗೆ ಹೋದೆ, ದುಡ್ಡು ಕಟ್ಟಿದೆ, ಎಲ್ಲ ನಿಜ. ಆದರೆ ಹೋದಾಗಲೆಲ್ಲ ಟೀಚರ್ ಮುಂದೆ ನಿಂತು ಅತ್ತೆ. ನನ್ನ ಕೈ ಹಿಡಿದು ಪರವಾಗಿಲ್ಲ ಬಿಡಮ್ಮಾ ಎಂದು ಅವರು ಹೇಳಲಿ ಅಂತ ಕಾದೆ. ಮೂರನೇ ದಿನ ಅವರು ಹೇಳಿದ್ದು ಬೇರೆ. "ನೋಡಮ್ಮಾ, ನೀನು ಅಳ್ತಾ ನಿಂತರೆ ನಾನು ಸಮಾಧಾನ ಮಾಡಬೇಕಾಗುತ್ತೆ. ನನಗೀಗ ಅಷ್ಟು ಶಕ್ತಿ ಇಲ್ಲ." ಇಷ್ಟು ಹೇಳಿ ಚಿನ್ನಿಯ ಔಷಧಿಯ ಚೀಟಿ ನನ್ನ ಕೈಗೆ ಕೊಟ್ಟರು. ಅಂದಿನಿಂದ ಅವರ ಮನೆಯಲ್ಲಿ ಅತ್ತಿಲ್ಲ. ನಿನ್ನ ಮುಂದೆ ಅಳುತ್ತೇನೆ. ನಿನಗೆ ಶಕ್ತಿ ಇದೆ.

ಗಾಯದ ವಿಷಯ ಹೇಳಬೇಕು. ಅದನ್ನು ಹೇಳದೆ ನನ್ನ ಸಂಕಟವನ್ನಷ್ಟೇ ಹೇಳಿದರೆ ಮತ್ತೆ ಅದೇ ತಪ್ಪಾಗುತ್ತದೆ.

ಹೊರಗಿನಿಂದ ಕಂಡಿದ್ದು ನಾಲ್ಕು ತೂತು, ಕಾಳುಮೆಣಸಿನಷ್ಟು. ಟೇಬಲ್ಲಿನ ಮೇಲೆ ಕೂದಲು ಬೋಳಿಸಿದಾಗ ಡಾಕ್ಟರು ನಮ್ಮನ್ನು ಹತ್ತಿರ ಕರೆದು ತೋರಿಸಿದರು. ದೊಡ್ಡ ನಾಯಿ ಸಣ್ಣದನ್ನು ಕಚ್ಚಿ ಒದರಿದಾಗ ಚರ್ಮ ಹಲ್ಲಿನ ಜೊತೆ ಹೋಗುತ್ತದೆ, ಮೈ ಅಲ್ಲೇ ಉಳಿಯುತ್ತದೆ, ನಡುವೆ ಮಾಂಸದಿಂದ ಚರ್ಮ ಕಿತ್ತು ಜೋಳಿಗೆಯಂತಾಗುತ್ತದೆ. ಮೇಲಿನ ತೂತು ಸಣ್ಣದು ಅಂತ ಅರಿಸಿನ ಮೆತ್ತಿ ಮನೆಯಲ್ಲೇ ಇಟ್ಟುಕೊಂಡವರ ನಾಯಿಗಳು ನಾಲ್ಕು ದಿನದ ಮೇಲೆ ಕೀವು ತುಂಬಿ, ಜ್ವರ ಏರಿ, ಕೈಮೀರಿ ಬರುತ್ತವೆ ಎಂದರು. ಎಕ್ಸ್‌ರೇಯಲ್ಲಿ ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ, ಅದು ನಿನ್ನ ದಯೆ. ಒಳಗೆ ತೊಳೆದು, ಕೊಳೆನೀರು ಹೊರಗೆ ಬರಲೆಂದು ಮೆತ್ತನೆಯ ರಬ್ಬರ್ ನಳಿಕೆ ಬಿಟ್ಟರು. ಭೈರನಿಗೂ ಚಿನ್ನಿಗೂ ರೇಬೀಸ್ ಲಸಿಕೆ ವರ್ಷವರ್ಷ ತಪ್ಪದೆ ಆಗಿತ್ತು. ಆದರೂ ಚಿನ್ನಿಗೆ ಇನ್ನೊಂದು ಕೊಟ್ಟರು. ನನ್ನ ಬೆರಳನ್ನು ಸೋಪು ಹಾಕಿ ನಲ್ಲಿಯ ಕೆಳಗೆ ಹದಿನೈದು ನಿಮಿಷ ಹಿಡಿಯಲು ಹೇಳಿ ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಭೈರನನ್ನು ಹತ್ತು ದಿನ ಕಣ್ಣಿಟ್ಟು ನೋಡಿಕೊಳ್ಳಿ ಎಂದರು.

ಎಂಟನೇ ದಿನ ಬೆನ್ನಿನ ಮೇಲೆ ಅಂಗೈಯಷ್ಟು ಚರ್ಮ ಕಪ್ಪಗಾಯಿತು. ರಕ್ತ ಹರಿಯದೆ ಸತ್ತ ಚರ್ಮ. ಅದು ಹೀಗೆ ತಡವಾಗಿಯೇ ಗೊತ್ತಾಗುವುದಂತೆ. ಮಾರನೆಯ ದಿನ ಮತ್ತೆ ಅರಿವಳಿಕೆ ಕೊಟ್ಟು, ಅಷ್ಟನ್ನೂ ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಹೊಲಿದರು. ಹನ್ನೊಂದು ವರ್ಷದ ನಾಯಿ ಅದು, ಸ್ವಾಮಿ. ಅವಳು ಮಂಪರಿನಿಂದ ಕಣ್ಣು ಬಿಡುವ ತನಕ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು. ಟೀಚರ್ ಜಪಮಣಿ ಎಣಿಸುತ್ತಿದ್ದರು. ನಾನು ನಿನ್ನ ಹೆಸರು ಹೇಳಲು ಹೋದರೆ ಬಾಯಿಗೆ ಬಂದದ್ದು ನಾಯಿಯ ಹೆಸರು. ಸುಮ್ಮನಾದೆ.

ಇನ್ನು ನಾನು ಬಚ್ಚಿಟ್ಟಿದ್ದು.

"ಯಾವತ್ತೂ ಹೀಗೆ ಮಾಡಿದವನಲ್ಲ" ಎಂದೆನಲ್ಲ, ಕಚ್ಚಿರಲಿಲ್ಲ ಎಂಬಷ್ಟಕ್ಕೆ ಅದು ನಿಜ. ಆದರೆ ಹೋದ ವರ್ಷ ಪಾರ್ಕಿನಲ್ಲಿ ಒಂದು ಮರಿ ಅವನ ಮೇಲೆ ಹಾರಿದಾಗ ಮೈಯೆಲ್ಲ ಸೆಟೆದು ಕಲ್ಲಿನಂತೆ ನಿಂತಿದ್ದ. ಬಾಯಿ ಬಿಗಿದಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ನೋಡಿದ್ದೆ. ಅಡುಗೆಮನೆಯಲ್ಲಿ ಬೆಕ್ಕು ಅವನ ತಟ್ಟೆಯ ಹತ್ತಿರ ಬಂದರೆ ಗುರ್ ಎನ್ನುತ್ತಿದ್ದ. ಎಂದಾಗಲೆಲ್ಲ ನಾನು ಗದರಿದ್ದೇನೆ, ಒಂದೆರಡು ಸಲ ಮೂತಿಗೆ ಹೊಡೆದೂ ಇದ್ದೇನೆ. ಒಳ್ಳೆಯ ಮನೆಯ ನಾಯಿ ಗುರ್ ಎನ್ನಬಾರದು ಅಂತ ನನ್ನ ಭಾವನೆಯಾಗಿತ್ತು. ಗುರ್ ಎನ್ನುವುದು ನಾಯಿಯ ಮಾತು, ನನಗಾಗುತ್ತಿಲ್ಲ, ಸ್ವಲ್ಪ ದೂರ ಸರಿ ಎಂದು ಕೇಳಿಕೊಳ್ಳುವ ಬಗೆ ಎಂದು ಈಗ ತಿಳಿಯಿತು. ಆ ಮಾತಿಗೆ ಪೆಟ್ಟು ಕೊಟ್ಟರೆ ನಾಯಿ ಹೇಳುವುದನ್ನು ಬಿಡುತ್ತದೆ, ಆಗದಿರುವುದು ಒಳಗೇ ಇರುತ್ತದೆ. ಬಿದಿಗೆಯ ಬೆಳಿಗ್ಗೆ ಅವನು ಸದ್ದಿಲ್ಲದೆ ಕಚ್ಚಿದನಲ್ಲ, ಆ ಸದ್ದಿಲ್ಲದಿರುವುದನ್ನು ಕಲಿಸಿದವಳು ನಾನು. ಇಷ್ಟು ದಿನದಲ್ಲಿ ನನಗೆ ತಿಳಿದದ್ದರಲ್ಲೆಲ್ಲ ಇದೇ ಭಾರವಾದದ್ದು. ನಾಯಿ ಸಾಕಿದ ಪ್ರತಿ ಮನೆಗೂ ಹೋಗಿ ಇದೊಂದನ್ನು ಹೇಳಿ ಬರಬೇಕು ಎನ್ನಿಸುತ್ತದೆ.

ಅದರ ಹಿಂದಿನ ಮೂರು ರಾತ್ರಿಯೂ ಇದೆ. ನರಕಚತುರ್ದಶಿಯಿಂದ ಪಾಡ್ಯದ ತನಕ ಅವನು ಬಚ್ಚಲುಮನೆಯಲ್ಲಿ ಹಂಡೆಯ ಹಿಂದೆ ನಡುಗುತ್ತ ಕೂತಿದ್ದ. ಅನ್ನ ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. ಅಷ್ಟು ಹೆದರಿದ ಮೈ ಪಟಾಕಿ ನಿಂತ ಮಾತ್ರಕ್ಕೆ ಇಳಿಯುವುದಿಲ್ಲ, ಒಂದೆರಡು ದಿನ ಬೇಕು, ಬೇರೆ ನಾಯಿಗಳ ಹತ್ತಿರ ಒಯ್ಯಬಾರದಿತ್ತು. ಪಾಪ ಮೂರು ದಿನ ಆಚೆ ಹೋಗಿಲ್ಲ ಅಂತ ನಾನೇ ಅವತ್ತು ಬೇಗ ಕರೆದುಕೊಂಡು ಹೊರಟೆ. ಆಮೇಲೆ ಪರೀಕ್ಷೆ ಮಾಡಿಸಿದಾಗ ಎಡಗಿವಿಯ ಆಳದಲ್ಲಿ ಸೋಂಕು ಸಿಕ್ಕಿತು, ಮುಟ್ಟಿದರೆ ಚೀರುತ್ತಿದ್ದ. ವಾರಗಳಿಂದ ತಲೆ ಒದರುತ್ತಿದ್ದ. ಮಳೆ ಹೋದ ಮೇಲೆ ಸರಿಹೋಗುತ್ತೆ ಅಂದುಕೊಂಡಿದ್ದೆ. ಚಿನ್ನಿ ಬಂದದ್ದೂ ಎಡಗಡೆಯಿಂದಲೇ.

ಇವೆಲ್ಲ ಕಾರಣ. ಕಾರಣವನ್ನು ನೆಪ ಮಾಡಿಕೊಳ್ಳದ ಹಾಗೆ ನನ್ನನ್ನು ಕಾಯಿ, ಸ್ವಾಮಿ. ಅವರ ಗೇಟು ತೆರೆದಿತ್ತು, ಅವರ ನಾಯಿಗೆ ಹಗ್ಗ ಇರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಎಷ್ಟು ಸಲ ಬಂದಿದೆಯೋ ನಿನಗೆ ಗೊತ್ತು. ಮನೆಯವರು ಹೇಳಿದರು, ಎದುರುಮನೆಯವರೂ ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು. ಅದು ಸುಳ್ಳೂ ಅಲ್ಲ. ಆದರೂ ಬಾಲ ಆಡಿಸಿಕೊಂಡು ತನ್ನ ಮನೆಯ ಮುಂದೆ ಎರಡು ಹೆಜ್ಜೆ ಇಟ್ಟ ಮುದಿನಾಯಿಯ ಮೇಲೆ ಆ ಮಾತನ್ನು ಹೊರಿಸಲಾರೆ.

ಇನ್ನೊಂದು ಮಾತೂ ಬಂತು. ನಾದಿನಿಯ ಗಂಡ ಕಾರು ತರುತ್ತೇನೆ, ಬೆಟ್ಟದ ಹಿಂದೆ ಬಿಟ್ಟು ಬರೋಣ, ಹೇಗೋ ಬದುಕಿಕೊಳ್ಳುತ್ತೆ ಎಂದರು. ಸಾಕಿದ ಪ್ರಾಣಿಯನ್ನು ಹಾಗೆ ಹಸಿವಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದನ್ನೇ ಹೇಳಿ ಅವರ ಬಾಯಿ ಮುಚ್ಚಿಸಿದೆ. ಆದರೆ ಆ ಗಳಿಗೆಯಲ್ಲಿ ನನ್ನ ಮನಸ್ಸು ಒಂದು ಕ್ಷಣ ಹಗುರಾದದ್ದನ್ನು ನೀನು ನೋಡಿದ್ದೀಯ. ಅವನು ಇಲ್ಲದಿದ್ದರೆ ಆ ಬೆಳಿಗ್ಗೆಯೂ ಇರುವುದಿಲ್ಲ ಎಂಬಂತೆ. ಆ ಮೊದಲ ವಾರ ಅವನನ್ನು ಮುಟ್ಟಲು ನನಗೆ ಆಗುತ್ತಿರಲಿಲ್ಲ. ಅನ್ನ ಇಟ್ಟು ಆಚೆ ಬರುತ್ತಿದ್ದೆ. ತಟ್ಟೆಯ ಮುಂದೆ ಕೂತು ನಾನು ಬರಲೆಂದು ಕಾಯುತ್ತಿದ್ದ, ಉಣ್ಣುತ್ತಿರಲಿಲ್ಲ. ಧರ್ಮರಾಯ ತನ್ನ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಎಂದ. ಆ ನಾಯಿ ಯಾರನ್ನೂ ಕಚ್ಚಿರಲಿಲ್ಲ. ಕಚ್ಚಿದ ನಾಯಿಯ ಜೊತೆ ನಿಂತವರ ಕಥೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೇನೆ.

ಒಂದು ಇದೆ, ನನ್ನ ತವರು ಜಿಲ್ಲೆಯದೇ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಶಕ 872ರದ್ದು. ಗಂಗರ ರಾಜ ಬೂತುಗ ಮೆಚ್ಚಿ ಬೇಕಾದ್ದು ಕೇಳು ಎಂದಾಗ ಮಣಲೆರನೆಂಬ ವೀರ ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು ಕಾದಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಗನನ್ನು ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದ್ದೆ. ಸಾವಿರ ವರ್ಷದ ಹಿಂದೆ ನಾಯಿಯ ಹಲ್ಲನ್ನು ಬೆಳೆಸಿದವರೂ ಮೆಚ್ಚಿದವರೂ ನಾವೇ. ಅದೇ ಹಲ್ಲನ್ನು ಎರಡು ಅಡಿ ಹಗ್ಗಕ್ಕೆ ಕಟ್ಟಿ ಪಟಾಕಿಯ ಬೀದಿಯಲ್ಲಿ ನಡೆಸಿದಾಗ ಅದು ಎಲ್ಲಿಯೂ ಹೋಗಿರುವುದಿಲ್ಲ ಎಂಬುದನ್ನು ನೆನಪಿಡಬೇಕಾದವಳೂ ನಾನೇ.

ಮತ್ತೆ ನಿನ್ನ ಪಟಕ್ಕೆ ಬರುತ್ತೇನೆ. ಬ್ರಹ್ಮನ ಐದನೇ ತಲೆಯನ್ನು ಉಗುರಿನಲ್ಲಿ ಚಿವುಟಿದೆ. ಕಪಾಲ ಕೈಗೆ ಅಂಟಿತು. ನೀನು ದೇವರು, ಕೊಡವಿಕೊಳ್ಳಬಹುದು ಅನ್ನಿಸುತ್ತದೆ. ಆದರೆ ಕೊಡವಿದರೂ ಬೀಳಲಿಲ್ಲ. ಅದನ್ನೇ ಭಿಕ್ಷಾಪಾತ್ರೆ ಮಾಡಿಕೊಂಡು, ಬ್ರಹ್ಮಹತ್ಯೆ ಹಿಂದೆಯೇ ಬರುತ್ತಿರುವಾಗ ಲೋಕಲೋಕ ತಿರುಗಿದೆ, ಮನೆಮನೆಯ ಮುಂದೆ ನಿಂತೆ. ಕಾಶಿಗೆ ಹೋದಾಗ ಅದು ತಾನಾಗಿ ಕಳಚಿತು. ಆ ಜಾಗಕ್ಕೆ ಇವತ್ತಿಗೂ ಕಪಾಲಮೋಚನ ಎಂದೇ ಹೆಸರು. ಅಪ್ಪ ಈ ಕಥೆ ಹೇಳುವಾಗ ಕಾಶಿಯ ಮಹಿಮೆಯ ಬಗ್ಗೆ ಹೇಳುತ್ತಿದ್ದರು. ನನಗೆ ಈಗ ಬೇಕಾಗಿರುವುದು ಕಾಶಿಗೆ ಮುಂಚಿನ ದಾರಿ. ಅಂಟಿದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಬ್ಬರ ಬಾಗಿಲಿಗೆ ಹೇಗೆ ಹೋದೆ? ಅವರು ನಿನ್ನ ಕೈ ನೋಡಿದಾಗ ಏನು ಮಾಡಿದೆ?

ನಾನು ಮಾಡುತ್ತಿರುವುದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು.

ದಿನಾ ಹತ್ತು ಗಂಟೆಗೆ ಟೀಚರ್ ಮನೆಗೆ ಹೋಗುತ್ತೇನೆ. ಅವರು ಚಿನ್ನಿಯ ತಲೆ ಹಿಡಿದುಕೊಳ್ಳುತ್ತಾರೆ, ನಾನು ಗಾಯ ತೊಳೆದು ಪಟ್ಟಿ ಬದಲಾಯಿಸುತ್ತೇನೆ. ಮೊದಲು ನನ್ನ ಸೀರೆಯಲ್ಲಿ ಭೈರನ ವಾಸನೆ ಹತ್ತಿದರೆ ಚಿನ್ನಿ ಮೂಲೆ ಸೇರುತ್ತಿದ್ದಳು. ಈಗ ಸ್ನಾನ ಮಾಡಿ, ಅವನನ್ನು ಮುಟ್ಟದೆ, ಬೇರೆಯಾಗಿ ಇಟ್ಟ ಸೀರೆ ಉಟ್ಟು ಹೋಗುತ್ತೇನೆ. ಎರಡು ಶಸ್ತ್ರಚಿಕಿತ್ಸೆ, ಎಕ್ಸ್‌ರೇ, ಔಷಧಿ ಎಲ್ಲ ಸೇರಿ ಇಲ್ಲಿಯವರೆಗೆ 41,300 ರೂಪಾಯಿ ಆಗಿದೆ. ಅರ್ಧ ತಾವು ಕೊಡುವುದಾಗಿ ಹೇಳಿದರು ಟೀಚರ್, ಬೇಡವೆಂದೆ, ಅವರು ಮತ್ತೆ ಕೇಳಲಿಲ್ಲ. ಸೇವಂತಿಗೆಯವನಿಗೆ ಆ ದಿನದ ಹೂವಿನ ದುಡ್ಡು ಕೊಟ್ಟೆ. ಕ್ಷಮಿಸಿದ್ದೇನೆ ಎಂದು ಟೀಚರ್ ಹೇಳಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅದು ಅವರ ಹತ್ತಿರವೇ ಇರಲಿ.

ಅವರ ಪ್ರಶ್ನೆಗೆ ಉತ್ತರವನ್ನು ಹದಿಮೂರನೇ ದಿನ ಕೊಟ್ಟೆ. ಪಟ್ಟಿ ಸುತ್ತಿ ಮುಗಿದ ಮೇಲೆ ಹೇಳಿದೆ, "ಟೀಚರ್, ಅವತ್ತು ಕೇಳಿದಿರಲ್ಲ. ಚಿನ್ನಿ ಏನೂ ಮಾಡಿರಲಿಲ್ಲ. ನನ್ನ ನಾಯಿ ಹೆದರಿತ್ತು, ಕಿವಿ ನೋಯುತ್ತಿತ್ತು, ಅದು ನನಗೆ ಗೊತ್ತಾಗಬೇಕಿತ್ತು." ಅವರು ಸ್ವಲ್ಪ ಹೊತ್ತು ಚಿನ್ನಿಯ ಕಿವಿ ಸವರುತ್ತ ಕೂತರು. ಆಮೇಲೆ, "ಈಗ ಅದರ ಕಿವಿ ಹೇಗಿದೆ?" ಎಂದು ಕೇಳಿದರು.

ಭೈರನಿಗೆ ಕುಕ್ಕೆ ತಂದಿದ್ದೇನೆ. ಅಂಗಡಿಯವನು ಮಜಲ್ ಅಂದ. ನನಗೆ ನೆನಪಾಗಿದ್ದು ನಾಗಮಂಗಲದ ಕಡೆ ನಮ್ಮ ಕಣದಲ್ಲಿ ರಾಗಿ ತುಳಿಯುವ ಎತ್ತಿನ ಬಾಯಿಗೆ ಅಪ್ಪ ಕಟ್ಟುತ್ತಿದ್ದ ಬಾಯಿಕುಕ್ಕೆ. ಎತ್ತು ತಪ್ಪು ಮಾಡಿದೆಯೆಂದು ಅಪ್ಪ ಅದನ್ನು ಕಟ್ಟುತ್ತಿರಲಿಲ್ಲ. ಕಟ್ಟುವ ಮುಂಚೆ ಹಣೆ ತುರಿಸಿ ಒಂದು ಹಿಡಿ ಹುಲ್ಲು ತಿನ್ನಿಸುತ್ತಿದ್ದರು. ಬಟ್ಟೆಯ ಪಟ್ಟಿಯಂತೆ ಬಾಯನ್ನು ಬಿಗಿಯುವುದು ನಡಿಗೆಗೆ ಆಗುವುದಿಲ್ಲ, ನಾಯಿಗೆ ಸೆಕೆ ಕಳೆಯುವುದು ಬಾಯಿ ತೆರೆದು ಏದುಸಿರು ಬಿಟ್ಟೇ. ಅದಕ್ಕೆ ಬುಟ್ಟಿಯಂಥದ್ದೇ ಬೇಕು, ಒಳಗಿಂದಲೇ ನೀರು ಕುಡಿಯಬಹುದು. ಬುಟ್ಟಿಯ ತಳದಲ್ಲಿ ಬೇಯಿಸಿದ ಕೋಳಿಯ ಚೂರಿಟ್ಟು, ಅವನೇ ಮೂತಿ ತೂರಿಸುವ ತನಕ ಕಾದೆ. ಐದನೇ ದಿನ ತೂರಿಸಿದ. ಹತ್ತನೇ ದಿನ ಪಟ್ಟಿ ಕಟ್ಟಿಸಿಕೊಂಡ. ಈಗ ರಾತ್ರಿ ಹತ್ತರ ಮೇಲೆ, ಓಡಾಟ ಕಡಿಮೆಯಾದಾಗ, ಟೀಚರ್ ಮನೆಯ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ನಡೆಯುತ್ತೇವೆ. ಬದುಕಿರುವಷ್ಟು ದಿನ ಅವನಿಗೆ ಇದು ಇರುತ್ತದೆ. ಗುರ್ ಎಂದರೆ ಈಗ ನಿಲ್ಲುತ್ತೇನೆ, ದೂರ ಸರಿಸುತ್ತೇನೆ, ಸರಿ ಕಂದಾ ಅನ್ನುತ್ತೇನೆ.

ರಸ್ತೆಯಲ್ಲಿ ಕೆಲವರು ನಮ್ಮನ್ನು ಕಂಡರೆ ಆ ಕಡೆ ದಾಟುತ್ತಾರೆ. ದಾಟಲಿ. ಅವರಿಗೂ ಮಕ್ಕಳಿದ್ದಾರೆ, ನಾಯಿಗಳಿವೆ.

ಸ್ವಾಮಿ, ಆ ಬೆಳಿಗ್ಗೆಯನ್ನು ಮರೆಸು ಎಂದು ಕೇಳುತ್ತಿಲ್ಲ. ನಿದ್ದೆ ಬೇಕು, ಅದನ್ನು ಕೇಳುತ್ತೇನೆ, ದಿನಕ್ಕೆ ನಾಲ್ಕು ಗಂಟೆಯಾದರೂ ಕೊಡು. ಹಗ್ಗ ಹಿಡಿದ ಕೈ ನಡುಗದಿರಲಿ, ನನ್ನ ನಡುಕ ಹಗ್ಗದಲ್ಲಿ ಇಳಿದು ಅವನಿಗೆ ಮುಟ್ಟುತ್ತದೆ. ಚಿನ್ನಿಗೆ ಮತ್ತೆ ಗೇಟಿನ ಹತ್ತಿರ ಬರುವ ಧೈರ್ಯ ಕೊಡು. ಇಪ್ಪತ್ತೊಂದು ದಿನದಿಂದ ಅವಳು ವರಾಂಡ ದಾಟಿಲ್ಲ. ಟೀಚರಿಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆಯುವಾಗ ಎದೆ ಝಲ್ಲೆನ್ನದಿರಲಿ. ಹೊಸಿಲಾಚೆ ಮಲಗಿರುವವನು ಕನಸಿನಲ್ಲಿ ಕಾಲಾಡಿಸುತ್ತಿದ್ದಾನೆ, ಏನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೋ. ನಿನ್ನ ಕಾಲ ಬಳಿ ಇರುವುದರ ಜಾತಿಯೇ ಅವನೂ. ಅವನನ್ನು ನೋಡಿಕೋ.

ಎಣ್ಣೆ ಮುಗಿಯುತ್ತ ಬಂತು. ನಾಳೆ ನವಮಿ, ಚಿನ್ನಿಯ ಎರಡನೇ ಸಲದ ಹೊಲಿಗೆ ಬಿಚ್ಚುತ್ತಾರೆ. ಹತ್ತೂವರೆಗೆ ಡಾಕ್ಟರು ಬರಹೇಳಿದ್ದಾರೆ. ಹತ್ತಕ್ಕೆ ಗೇಟಿನ ಮುಂದೆ ಕಾರು ತಂದಿರುತ್ತೇನೆ ಎಂದು ಟೀಚರಿಗೆ ಹೇಳಿ ಬಂದಿದ್ದೇನೆ.